ಪಟ್ಟಿಯೂ ಪಣವೂ

ಕಪ್ ಪಂದ್ಯವೊಂದು ಸಮೀಪಿಸಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಎರಡೇ ಪ್ರಶ್ನೆಗಳು ಮತ್ತೆ ಮತ್ತೆ ತಲೆದೋರುತ್ತವೆ. ಯಾರನ್ನು ಆಡಿಸಬೇಕು ಎಂಬುದೊಂದು. ಯಾರ ಮೇಲೆ ಹಣ ಕಟ್ಟಬಹುದು ಎಂಬುದು ಇನ್ನೊಂದು. ಎರಡಕ್ಕೂ ಆಟಗಾರರ ಬಲಾಬಲಗಳ ಪರಿಚಯ ಬೇಕು, ಎರಡರಲ್ಲಿಯೂ ಬರಲಿರುವ ದಿನದ ಕಾತರವಿದೆ. ಆದುದರಿಂದ ಇವು ಒಡಹುಟ್ಟುಗಳೆಂದೇ ಅನೇಕರ ಭಾವನೆ. ನನಗೆ ಹಾಗೆ ತೋರುವುದಿಲ್ಲ. ಏಕೆ ತೋರುವುದಿಲ್ಲವೆಂಬುದನ್ನು ವಿವರಿಸಲು ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿಯಾದ ಎಫ್.ಎ. ಕಪ್ಪಿನ ಇತಿಹಾಸದಲ್ಲಿ 1966ನೆಯ ಇಸವಿಯ ಮೇ 14ರಂದು ವೆಂಬ್ಲಿಯಲ್ಲಿ ನಡೆದ ಅಂತಿಮ ಪಂದ್ಯಕ್ಕಿಂತ ಉಚಿತವಾದ ನಿದರ್ಶನವನ್ನು ನಾನು ಕಾಣೆ.

ಅಂದು ಎದುರುಬದುರಾದವು ಲಿವರ್‌ಪೂಲ್ ನಗರದ ಎವರ್ಟನ್ ಮತ್ತು ಶೆಫೀಲ್ಡ್ ವೆನ್ಸ್‌ಡೇ ತಂಡಗಳು. ಎವರ್ಟನ್ನಿನ ವ್ಯವಸ್ಥಾಪಕರಾಗಿದ್ದ ಹ್ಯಾರಿ ಕ್ಯಾಟರಿಕ್ ಮಿತಭಾಷಿಗಳು, ಕಠಿಣ ಶಿಸ್ತಿನವರು. 1961ರಲ್ಲಿ ಎವರ್ಟನ್ನಿಗೆ ಬರುವ ಮುನ್ನ ಇದೇ ವೆನ್ಸ್‌ಡೇ ತಂಡವನ್ನು ಪಳಗಿಸಿದವರು. ಅವರ ಪಟ್ಟಿಯನ್ನು ಕುರಿತು ಎವರ್ಟನ್ನಿನ ಅಭಿಮಾನಿಗಳು ಎಷ್ಟು ತೀವ್ರವಾಗಿ ವಾದಿಸುತ್ತಿದ್ದರೆಂಬುದಕ್ಕೆ 1966ರದೇ ಜನವರಿಯ ಪ್ರಸಂಗವೊಂದೇ ಸಾಕು. ಬ್ಲ್ಯಾಕ್‌ಪೂಲಿನಲ್ಲಿ ನಡೆದ ಪಂದ್ಯಕ್ಕೆ ಜನರ ಆರಾಧ್ಯನಾಗಿದ್ದ ಅಲೆಕ್ಸ್ ಯಂಗನನ್ನು ಕೈಬಿಟ್ಟು, ಜೋ ರಾಯ್ಲ್ ಎಂಬ ಹದಿನಾರರ ಹುಡುಗನನ್ನು ಅವರು ಕಣಕ್ಕಿಳಿಸಿದರು, ತಂಡ ಸೋತಿತು, ಕ್ರೀಡಾಂಗಣದ ಹೊರಗೆ ರೊಚ್ಚಿಗೆದ್ದ ಗುಂಪಿನ ನೂಕುನುಗ್ಗಲಿನಲ್ಲಿ ಕ್ಯಾಟರಿಕ್ ನೆಲಕ್ಕೆ ಬಿದ್ದರು. ಆ ವರ್ತನೆಯನ್ನು ಸಮರ್ಥಿಸುವ ಮಾತೇ ಇಲ್ಲ. ಆದರೂ ಹನ್ನೊಂದು ಹೆಸರುಗಳಲ್ಲಿ ಒಂದು ಹೆಸರು ಅದಲುಬದಲಾದುದು ಒಂದು ಊರಿನ ಜನಕ್ಕೆ ತಮ್ಮ ಮನೆಯ ಮಗನನ್ನೇ ಹೊರಹಾಕಿದಂತೆ ತೋರಿತೆಂಬುದು ಯೋಚಿಸತಕ್ಕ ಸಂಗತಿ.

ಮೇ ತಿಂಗಳಿನಲ್ಲಿ ವಾದ ಮತ್ತೊಮ್ಮೆ ಹೊತ್ತಿಕೊಂಡಿತು. ಫ್ರೆಡ್ ಪಿಕರಿಂಗ್ ಇಂಗ್ಲೆಂಡಿನ ಪರವಾಗಿ ಆಡಿದ ಮೊದಲ ಪಂದ್ಯದಲ್ಲೇ ಮೂರು ಗೋಲು ಹೊಡೆದ ಮುಂಚೂಣಿಯ ಆಟಗಾರ. ಎವರ್ಟನ್ನಿನ ಪರವಾಗಿಯೂ ಮೊದಲ ಪಂದ್ಯದಲ್ಲೇ ಮೂರು ಗೋಲು ಗಳಿಸಿದ್ದವನು. ಮೊಣಕಾಲಿನ ನೋವು ಅವನನ್ನು ಕಾಡಿತ್ತಾದರೂ ತಾನು ಸಿದ್ಧನೆಂದೇ ಅವನು ಹೇಳುತ್ತಿದ್ದ. ಅವನ ಬದಲಿಗೆ ಕ್ಯಾಟರಿಕ್ ಆರಿಸಿದ್ದು ಆ ಋತುವಿನ ನಡುವೆಯಷ್ಟೇ ಪ್ಲಿಮತ್ತಿನಿಂದ ಬಂದಿದ್ದ, ಕಾರ್ನ್‌ವಾಲ್ ಸೀಮೆಯ ಇಪ್ಪತ್ತೊಂದರ ಯುವಕ ಮೈಕ್ ಟ್ರೆಬಿಲ್‌ಕಾಕನನ್ನು. ಇಂದಿನ ಓದುಗರು ಇಲ್ಲಿ ಒಂದು ವಿಷಯವನ್ನು ನೆನಪಿನಲ್ಲಿಡಬೇಕು: ಎಫ್.ಎ. ಕಪ್ಪಿನಲ್ಲಿ ಬದಲಿ ಆಟಗಾರನನ್ನು ಇಳಿಸುವ ಅನುಮತಿ ಆಗಿನ್ನೂ ಇರಲಿಲ್ಲ. ಅದು ಬಂದದ್ದು ಮುಂದಿನ ಋತುವಿನಲ್ಲಿ. ಬರೆದ ಪಟ್ಟಿಯೇ ಕೊನೆಯ ಪಟ್ಟಿ. ಕಾಲು ಕೈಕೊಟ್ಟರೆ ಹತ್ತೇ ಮಂದಿ ಆಡಬೇಕು, ಅಥವಾ ಕುಂಟುವವನನ್ನು ಅಂಚಿನಲ್ಲಿ ನಿಲ್ಲಿಸಿಕೊಂಡು ಹೆಣಗಬೇಕು. ಪಿಕರಿಂಗನ ಮೊಣಕಾಲನ್ನು ನಂಬುವುದೋ ಬಿಡುವುದೋ ಎಂಬ ಪ್ರಶ್ನೆಗೆ ಆ ಕಾಲದಲ್ಲಿದ್ದ ಭಾರವನ್ನು, ಬದಲಿಗರ ಸಾಲನ್ನೇ ಬೆಂಚಿನ ಮೇಲೆ ಕೂರಿಸಿಕೊಂಡಿರುವ ಈ ಕಾಲದಲ್ಲಿ ಊಹಿಸುವುದು ಕಷ್ಟ.

ಪಣದ ಕಥೆಗೆ ಈ ಪಂದ್ಯದೊಡನೆ ಇರುವ ನಂಟು ಇದಕ್ಕಿಂತ ಆಳವಾದುದು. 1923ರಲ್ಲಿ ಜಾನ್ ಮೂರ್ಸ್ ಎಂಬ ತರುಣರು ಇಬ್ಬರು ಮಿತ್ರರೊಡನೆ ತಲಾ 50 ಪೌಂಡುಗಳನ್ನು ಹೂಡಿ ಲಿವರ್‌ಪೂಲಿನಲ್ಲಿ ‘ಲಿಟಲ್‌ವುಡ್ಸ್’ ಎಂಬ ಫುಟ್‌ಬಾಲ್ ಪೂಲ್ಸ್ ಸಂಸ್ಥೆಯನ್ನು ತೆರೆದರು. ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡಿನ ಹೊರಗೆ 4,000 ಕೂಪನ್ನುಗಳನ್ನು ಹಂಚಿದಾಗ ಹಿಂದಿರುಗಿ ಬಂದದ್ದು ಕೇವಲ 35. ಮಿತ್ರರು ಹಿಂಜರಿದರು, ಮೂರ್ಸ್ ಬಿಡಲಿಲ್ಲ. ಕಾಲಕ್ರಮದಲ್ಲಿ ಇಂಗ್ಲೆಂಡಿನ ಶ್ರಮಿಕರ ಮನೆಗಳಲ್ಲಿ ಆ ಕೂಪನ್ನು ವಾರವಾರದ ವಿಧಿಯೇ ಆಯಿತು. ಯಾವ ಪಂದ್ಯಗಳು ಸಮವಾಗಿ ಮುಗಿಯುವುವೆಂದು ಗುರುತು ಹಾಕಿ, ಅಲ್ಪಮೊತ್ತವೊಂದನ್ನು ಪಣವಿಟ್ಟು, ಅಂಚೆಗೆ ಹಾಕಿ, ಶನಿವಾರದ ಸಂಜೆ ರೇಡಿಯೋದಲ್ಲಿ ಫಲಿತಾಂಶಗಳನ್ನು ಓದುವಾಗ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂರುವ ಆ ಪದ್ಧತಿಯನ್ನು ನಾನು ಹಳಿಯಲಾರೆ. ಗಣಿಯಲ್ಲಿಯೂ ಬಂದರಿನಲ್ಲಿಯೂ ದುಡಿದು ದಣಿದವರಿಗೆ ಅದು ಒಂದು ವಾರದ ಆಸೆಯನ್ನಾದರೂ ಕೊಡುತ್ತಿತ್ತು. ಅದೇ ಮೂರ್ಸ್ 1960ರಲ್ಲಿ ಎವರ್ಟನ್ನಿನ ಅಧ್ಯಕ್ಷರಾದರು. ಕ್ಯಾಟರಿಕ್ಕರನ್ನು ಕರೆತಂದವರೂ ಅವರೇ. ಪಣದಂಗಡಿಗಳು ಬೀದಿಬೀದಿಯಲ್ಲಿ ಬಹಿರಂಗವಾಗಿ ಬಾಗಿಲು ತೆರೆಯಲು ಕಾನೂನು ಅವಕಾಶ ಕೊಟ್ಟದ್ದು 1961ರ ಮೇ ತಿಂಗಳಿನಿಂದ.

ಮರುವರ್ಷದ ಡಿಸೆಂಬರ್ 1ರಂದು ಇಪ್ಸ್‌ವಿಚ್ಚಿನಲ್ಲಿ ವೆನ್ಸ್‌ಡೇ ತಂಡ ಎರಡು ಗೋಲುಗಳಿಂದ ಸೋತಿತು. ಆ ತಂಡದ ಪೀಟರ್ ಸ್ವಾನ್, ಟೋನಿ ಕೇ, ಡೇವಿಡ್ ಲೇಯ್ನ್ ಎಂಬ ಮೂವರು ತಮ್ಮ ತಂಡವೇ ಸೋಲುವುದೆಂದು ತಲಾ 50 ಪೌಂಡುಗಳನ್ನು ಕಟ್ಟಿದ್ದರು. ಮೂರ್ಸ್ ಮತ್ತು ಅವರ ಮಿತ್ರರು ಹೂಡಿದ ಮೊತ್ತವೂ ಅಷ್ಟೇ ಎಂಬುದು ಕಾಕತಾಳೀಯವಾದರೂ, ಆ ಎರಡು ಐವತ್ತುಗಳನ್ನು ಒಟ್ಟಿಗೆ ನೆನೆದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ. ‘ಪೀಪಲ್’ ಪತ್ರಿಕೆಯ ವರದಿ ಆ ದಿನದ ಶ್ರೇಷ್ಠ ಆಟಗಾರನೆಂದು ಹೆಸರಿಸಿದ್ದು ಕೇಯನ್ನೇ; 1964ರಲ್ಲಿ ಈ ಗುಟ್ಟನ್ನು ಬಯಲಿಗೆಳೆದದ್ದೂ ಅದೇ ಪತ್ರಿಕೆ. ಅಷ್ಟರಲ್ಲಿ ಕೇ ಎವರ್ಟನ್ನಿಗೆ ಬಂದು, ಲೀಗ್ ಪ್ರಶಸ್ತಿಯನ್ನು ಗೆಲ್ಲಿಸಿಕೊಟ್ಟು, ಇಂಗ್ಲೆಂಡಿನ ಅಂಗಿಯನ್ನೂ ತೊಟ್ಟಿದ್ದ. 1965ರ ಜನವರಿಯಲ್ಲಿ ಮೂವರಿಗೂ ನಾಲ್ಕು ತಿಂಗಳ ಸೆರೆವಾಸ, ತರುವಾಯ ಆಜೀವ ನಿಷೇಧ. ಹೀಗಾಗಿ 1966ರ ಆ ಕಪ್ ಪಂದ್ಯದಲ್ಲಿ ಎರಡೂ ಕಡೆಯ ಪಟ್ಟಿಗಳಲ್ಲಿ ಇರಬಹುದಾಗಿದ್ದ ಹೆಸರುಗಳು ಪಣದ ದೆಸೆಯಿಂದಲೇ ಅಳಿಸಿಹೋಗಿದ್ದವು. ಪಿಕರಿಂಗನನ್ನು ಬಿಟ್ಟುದಕ್ಕಾಗಿ ಕ್ಯಾಟರಿಕ್ಕರೊಡನೆ ವಾದಿಸಬಹುದಾಗಿತ್ತು. ಕೇ ಇಲ್ಲದುದಕ್ಕಾಗಿ ಯಾರೊಡನೆ ವಾದಿಸುವುದು?

ಪಂದ್ಯವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಅಂತಿಮ ಘಟ್ಟದವರೆಗೆ ಒಂದು ಗೋಲನ್ನೂ ಬಿಟ್ಟುಕೊಡದೆ ಬಂದಿದ್ದ ಎವರ್ಟನ್ನಿನ ಮೇಲೆ ನಾಲ್ಕನೆಯ ನಿಮಿಷದಲ್ಲೇ ಜಿಮ್ ಮೆಕ್ಯಾಲಿಯಾಗ್ ಗೋಲು ಹೊಡೆದ. ವಿರಾಮದ ಅನಂತರ ಡೇವಿಡ್ ಫೋರ್ಡ್ ಇನ್ನೊಂದು. ಆಗ ಟ್ರೆಬಿಲ್‌ಕಾಕ್ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ಬಾರಿ ಚೆಂಡನ್ನು ಬಲೆಗೆ ಸೇರಿಸಿದ. ಅಭಿಮಾನಿಯೊಬ್ಬ ಮೈದಾನಕ್ಕೆ ನುಗ್ಗಿ, ಹಿಡಿದ ಪೋಲೀಸಿನವನ ಕೈಯಲ್ಲಿ ತನ್ನ ಕೋಟನ್ನೇ ಬಿಟ್ಟು ಓಡಿದ. ವೆನ್ಸ್‌ಡೇ ತಂಡದ ಜೆರಿ ಯಂಗನ ಕಾಲಡಿಯಿಂದ ಚೆಂಡು ನುಸುಳಿದ ಒಂದು ಕ್ಷಣದಲ್ಲಿ ಡೆರೆಕ್ ಟೆಂಪಲ್ ಅದನ್ನು ಕೊಂಡೊಯ್ದು ಮೂರನೆಯ ಗೋಲು ಹೊಡೆದ. ಸೋತ ವೆನ್ಸ್‌ಡೇ ತಂಡವನ್ನು ನಾಯಕ ಡಾನ್ ಮೆಗ್ಸನ್ ಮೈದಾನದ ಸುತ್ತ ನಡೆಸಿಕೊಂಡು ಹೋಗಿ ಜನಕ್ಕೆ ವಂದಿಸಿದ.

ಪಣ ಕಟ್ಟಿದವನ ಲೆಕ್ಕ ಅಂದೇ ಚುಕ್ತಾ ಆಯಿತು: ಗೆದ್ದವನು ಎಣಿಸಿಕೊಂಡ, ಸೋತವನು ಚೀಟಿಯನ್ನು ಹರಿದೆಸೆದ. ಪಟ್ಟಿಯನ್ನು ಕುರಿತು ವಾದಿಸಿದವನ ಲೆಕ್ಕ ಹಾಗೆ ಮುಗಿಯುವಂಥದಲ್ಲ. ಅವನು ಒಬ್ಬ ಆಟಗಾರನ ಓಟವನ್ನೂ ಅವನ ಹೆದರಿಕೆಯನ್ನೂ ವರ್ಷಗಟ್ಟಲೆ ನೋಡಿ, ಮಳೆಯಲ್ಲಿ ನೆನೆದು, ತನ್ನದೊಂದು ತೀರ್ಮಾನಕ್ಕೆ ಬಂದವನು. ಅದು ತಪ್ಪಾದಾಗ ಅವನು ಕಳೆದುಕೊಳ್ಳುವುದು ಹಣವನ್ನಲ್ಲವಾದುದರಿಂದಲೇ ತಪ್ಪಿನಿಂದ ಕಲಿಯಲು ಅವನಿಗೆ ಸಾಧ್ಯ. ಯಾರ ಮೇಲೆ ಹಣ ಕಟ್ಟಬೇಕೆಂದು ಬರೆದು ಕೇಳಿರುವ ಮಿತ್ರರಿಗೆ ಈ ಅಂಕಣದಲ್ಲಿ ಉತ್ತರ ದೊರೆಯದು. ಯಾರನ್ನು ಆಡಿಸಬೇಕೆಂದು ಕೇಳಿದವರೊಡನೆ ಇಡೀ ರಾತ್ರಿ ಕುಳಿತು ಮಾತನಾಡಲು ನಾನು ಸಿದ್ಧ. ಅಂದು ಲಿವರ್‌ಪೂಲಿನಲ್ಲಿ ಇದ್ದಿದ್ದರೆ ಪಿಕರಿಂಗನನ್ನೇ ಆಡಿಸಬೇಕೆಂದು ನಾನು ವಾದಿಸುತ್ತಿದ್ದೆ. ಅವನ ಕಾಲಿನಲ್ಲಿ ಗೋಲಿದೆ ಎಂದು ಈಗಲೂ ನಂಬುತ್ತೇನೆ.