‘ಗಣೇಶನ ಮದುವೆ’ಯ ವಠಾರದಲ್ಲಿ ನಮ್ಮವರೆಲ್ಲಿ?

ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸಂಕೋಚವಿಲ್ಲದೆ ನೋಡಬಹುದಾದ ಕನ್ನಡ ಹಾಸ್ಯಚಿತ್ರಗಳನ್ನು ಹೆಸರಿಸಹೊರಟರೆ, ಫಣಿ ರಾಮಚಂದ್ರ ಅವರು 1990ರಲ್ಲಿ ನಿರ್ದೇಶಿಸಿದ ‘ಗಣೇಶನ ಮದುವೆ’ ಮೊದಲ ಸಾಲಿನಲ್ಲಿಯೇ ನಿಲ್ಲುತ್ತದೆ. ವಠಾರದ ಯಜಮಾನನಿಗೂ ಬಾಡಿಗೆದಾರರಿಗೂ ನಿತ್ಯಕಲಹ. ಅವನ ಮಗಳು ಆದಿಲಕ್ಷ್ಮಿಗೂ ಬಾಡಿಗೆದಾರ ಗಣೇಶನಿಗೂ ಎದುರಾದರೆ ಜಗಳ. ಅದೇ ಇಬ್ಬರು ಬೇರೆ ಹೆಸರುಗಳಲ್ಲಿ, ಮುಖವರಿಯದೆ, ಪತ್ರಗಳ ಮೂಲಕ ಒಲಿದವರು. ಅನಂತನಾಗ್, ವಿನಯಾ ಪ್ರಸಾದ್, ಮುಖ್ಯಮಂತ್ರಿ ಚಂದ್ರು ಇವರ ಅಭಿನಯ ಇಂದಿಗೂ ಮಾಸಿಲ್ಲ. ಯಾರನ್ನೂ ಹಳಿಯದೆ ನಗಿಸುವ ಈ ಬಗೆಯ ಹಾಸ್ಯ ಈಗ ದುರ್ಲಭವೇ ಸರಿ.

ಆದರೂ ಸಹೃದಯ ವಾಚಕರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಆ ವಠಾರದಲ್ಲಿ ವಾಸವಾಗಿರುವವರು ಯಾರು? ಕಥೆಯನ್ನು ನಡೆಸುವ ಪಾತ್ರಗಳ ಹೆಸರು, ಉಡುಗೆ, ಆಚಾರಗಳೆಲ್ಲ ಬಹುಮಟ್ಟಿಗೆ ಒಂದೇ ವರ್ಗದವು; ನುಡಿಯೂ ಬೆಂಗಳೂರು-ಮೈಸೂರುಗಳ ಕನ್ನಡ. ವಿನಯಾ ಪ್ರಸಾದ್ ಉಡುಪಿಯವರು. ಅನಂತನಾಗ್ ಅವರ ಬಾಲ್ಯದ ಕೆಲವು ವರ್ಷಗಳು ಬೈಂದೂರಿಗೆ ದೂರವಲ್ಲದ ಶಿರಾಲಿಯ ಚಿತ್ರಾಪುರ ಮಠದಲ್ಲಿ ಕಳೆದವು. ಕರಾವಳಿಯ ಗಾಳಿ ಕುಡಿದ ಈ ಇಬ್ಬರು ಕಲಾವಿದರ ಮಾತಿನಲ್ಲಿಯೂ ಕರಾವಳಿಯ ಛಾಯೆ ಇಣುಕುವುದಿಲ್ಲ. ಅದು ಅವರ ದೋಷವಲ್ಲ. ಪಾತ್ರ ಬೇಡಿದ್ದನ್ನು ಅವರು ಕೊಟ್ಟರು.

ನಗರದ ವಠಾರ ಇರುವುದೇ ಹಾಗೆ ಎಂದು ಕೆಲವರು ಸಮರ್ಥಿಸಬಹುದು. ಈ ಮಾತು ನಿಲ್ಲದು. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿಯೇ ಬೆಂಗಳೂರಿನಲ್ಲಿ ತೆರೆದ ಉಪಾಹಾರಗೃಹವು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಅವರಂತೆಯೇ ಕೋಟ, ಕುಂದಾಪುರ, ಬೈಂದೂರುಗಳಿಂದ ಹೋಟೆಲ್ ಕೆಲಸಕ್ಕೆಂದು ಹೊರಟ ತರುಣರು ತಲೆಮಾರುಗಳಿಂದ ಆ ನಗರದ ವಠಾರಗಳಲ್ಲಿ ಬದುಕಿದವರು. ನಮ್ಮ ಚಿತ್ರಗಳಲ್ಲಿ ಅವರು ಕಾಣಿಸಿದರೂ ‘ಮಾರಾಯ್ರೆ’ ಎಂದು ರಾಗವೆಳೆದು ಮರೆಯಾಗುವ ಹೋಟೆಲ್ ಭಟ್ಟರಾಗಿ ಮಾತ್ರ. ಗಂಗೊಳ್ಳಿಯ ಬಂದರಿನಲ್ಲಿ ದುಡಿಯುವ ಖಾರ್ವಿಗಳು, ಮೊಗವೀರರು, ಮುಸಲ್ಮಾನರು, ಬ್ರಹ್ಮಾವರದ ಇಗರ್ಜಿಯ ಕ್ರೈಸ್ತರು, ಕೊರಗರು ಅಷ್ಟಕ್ಕೂ ಹೊರಗು. ಇವರ ಮನೆಗಳಲ್ಲಿ ಅತ್ತೆ-ಸೊಸೆಯರ ವಿನೋದ ನಡೆಯುವುದಿಲ್ಲವೇ?

ಇದಕ್ಕಿಂತ ಉದಾರವಾದ ಹಾಸ್ಯ ಈ ನೆಲದಲ್ಲಿ ಮೊದಲಿನಿಂದಲೂ ಇದೆ. ಮಂದಾರ್ತಿ ಮೇಳದ ಆಟವನ್ನು ನೋಡಿದವರು ಬಲ್ಲರು: ರಾಜನು ಗ್ರಂಥಸ್ಥ ಕನ್ನಡದಲ್ಲಿ ಗರ್ಜಿಸಿದ ಮರುಕ್ಷಣವೇ ಹಾಸ್ಯಗಾರನು ದೂತನಾಗಿಯೋ ಅಗಸನಾಗಿಯೋ ಮುದಿ ಬ್ರಾಹ್ಮಣನಾಗಿಯೋ ಬಂದು, ‘ಹೋಯ್ಕ್, ಬರ್ಕ್’ ಎಂಬ ಊರ ನುಡಿಯನ್ನೇ ಆಸ್ಥಾನದೊಳಕ್ಕೆ ತರುತ್ತಾನೆ. ಅಲ್ಲಿಯೂ ದುಡಿಯುವವನೇ ನಗೆಗೆ ಗುರಿಯಾಗುವುದುಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ರಾಜನಿಗೆ ಎದುರಾಡುವ ಬಾಯಿಯೂ ಅವನದೇ.

ಇದು ಕೇವಲ ರುಚಿಯ ಮಾತಲ್ಲ. ತನ್ನ ತಾಯಿಯ ಮಾತನ್ನು ಒಳ್ಳೆಯ ಮನೆಯ ಮಾತಾಗಿ ಪರದೆಯ ಮೇಲೆ ಎಂದೂ ಕೇಳದ ಮಗು, ಪರವೂರಿನ ವಿದ್ಯಾರ್ಥಿನಿಲಯದಲ್ಲಿ ಬಾಯಿ ತೆರೆಯುವ ಮೊದಲು ಅದನ್ನು ತಿದ್ದಿಕೊಳ್ಳುತ್ತದೆ. ಹಾಗೆ ತಿದ್ದಿಕೊಂಡ ನಾಲಿಗೆ ರಜೆಗೆ ಊರಿಗೆ ಬಂದಾಗ ಅಜ್ಜಿಯೊಡನೆಯೂ ತಡವರಿಸುತ್ತದೆ.

ಈಚೆಗೆ ಪರಿಸ್ಥಿತಿ ಬದಲಾಗಿದೆ. ಕೆರಾಡಿಯವರಾದ ರಿಷಬ್ ಶೆಟ್ಟಿಯವರ ‘ಕಾಂತಾರ’ (2022) ಕರಾವಳಿಯ ಕನ್ನಡವನ್ನು ನಾಡಿನಾಚೆಗೂ ಒಯ್ದಿತು. ಅಲ್ಲಿ ನಗೆಯೂ ಉಂಟು. ಆದರೆ ಕಥೆ ಸಾಗುವುದು ಕ್ರೋಧದ ಕಡೆಗೆ. ಕುಂದಾಪುರದವರೇ ಆದ ವೈದೇಹಿಯವರ ಕಥೆಗಳನ್ನು ಆಧರಿಸಿ ಚಂಪಾ ಶೆಟ್ಟಿಯವರು ನಿರ್ದೇಶಿಸಿದ ‘ಅಮ್ಮಚ್ಚಿಯೆಂಬ ನೆನಪು’ (2018) ಕುಂದಗನ್ನಡವನ್ನು ಅಡುಗೆಮನೆ, ಜಗಲಿಗಳಲ್ಲಿ ಮಾತಾಡಿಸಿತು. ಹೆಣ್ಣುಮಕ್ಕಳ ಕೀಟಲೆಯೂ ಕಣ್ಣೀರೂ ಒಂದೇ ನುಡಿಯಲ್ಲಿ ಹರಿಯುವ ಆ ಚಿತ್ರವನ್ನು ‘ಗಣೇಶನ ಮದುವೆ’ ನೋಡಿದ ಮನೆಗಳಲ್ಲಿಯೇ ವಾಚಕರು ಮಕ್ಕಳೊಡನೆ ಕುಳಿತು ನೋಡಬೇಕು. ಅದು ನೋವಿನ ಕಥೆ, ನಿಜ. ಅಮ್ಮಚ್ಚಿಯ ನುಡಿಯಲ್ಲಿಯೇ ಆದಿಯಿಂದ ಅಂತ್ಯದವರೆಗೆ ನಗಿಸುವ ಒಂದು ವಠಾರವನ್ನು ಯಾರಾದರೂ ಕಟ್ಟಬೇಕಾಗಿದೆ.