ಅರಬೈಲು ಘಟ್ಟ ಒಪ್ಪುವ ಬೈಕು

ಮಧ್ಯಮ ಗಾತ್ರದ ಸ್ಪೋರ್ಟ್ ಟೂರರ್ ಕೊಳ್ಳಲು ಹೊರಟವರು ಶೋರೂಮಿನಲ್ಲಿ ಮೊದಲು ವಿಚಾರಿಸುವುದು ಎಷ್ಟು ಪಿಎಸ್, ಟಾಪ್ ಸ್ಪೀಡ್ ಎಷ್ಟು ಎಂದು. ಕಾರವಾರ, ಅಂಕೋಲೆಯ ಸವಾರರಿಗೆ ಇದರ ಉತ್ತರ ಅಷ್ಟೇನೂ ಉಪಯೋಗಕ್ಕೆ ಬಾರದು. 2018ರ ಕೇಂದ್ರ ಅಧಿಸೂಚನೆಯಂತೆ ನಾಲ್ಕು ಪಥದ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನದ ವೇಗಮಿತಿ ಗಂಟೆಗೆ 80 ಕಿ.ಮೀ. ಅಷ್ಟು ವೇಗವನ್ನು 150 ಸಿಸಿಯ ಗಾಡಿಯೂ ಮುಟ್ಟುತ್ತದೆ. ಏಳೆಂಟು ಲಕ್ಷ ಕೊಡುವವರು ಕೇಳಬೇಕಾದದ್ದು ಬೇರೆ: ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಎರಡು ಚೀಲ ಕಟ್ಟಿಕೊಂಡು, ಎದುರುಗಾಳಿಯಲ್ಲಿ ನಾಲ್ಕು ತಾಸು ಅದೇ 80ರಲ್ಲಿ ಹೋದ ಮೇಲೆ ಮೈ ಹೇಗಿರುತ್ತದೆ? ಏರಿನಲ್ಲಿ ಲೋಡು ಲಾರಿಯನ್ನು ಹಿಂದೆ ಹಾಕಲು ಎಷ್ಟು ಜಾಗ ಬೇಕು? ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದರೆ ಗಾಡಿ ನೇರವಾಗಿ ನಿಲ್ಲುತ್ತದೆಯೇ?

ನಮ್ಮಲ್ಲಿ ಬರುವ ಬೈಕು ವಿಮರ್ಶೆಗಳಲ್ಲಿ ಈ ಪ್ರಶ್ನೆಗಳು ಕಡಿಮೆ. ಅವುಗಳಲ್ಲಿ ಹೆಚ್ಚಿನವು ರೇಸ್ ಟ್ರ್ಯಾಕಿನಲ್ಲೋ ದೊಡ್ಡ ನಗರದ ಹೊರವಲಯದ ಒಣ ರಸ್ತೆಯಲ್ಲೋ ಒಬ್ಬರೇ ಓಡಿಸಿ ಬರೆದವು. ಅವನ್ನು ನಂಬಿ ಕೊಂಡ ಗಾಡಿ ಜೂನ್ ತಿಂಗಳಿನಲ್ಲಿ ಇಲ್ಲಿಗೆ ಬಂದಾಗ ಅದರ ಗುಣದೋಷಗಳ ಲೆಕ್ಕವೇ ಬದಲಾಗುತ್ತದೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ.

ಇಲ್ಲಿನ ರಸ್ತೆಗಳನ್ನೇ ನೋಡಿ. ರಾಷ್ಟ್ರೀಯ ಹೆದ್ದಾರಿ 66 ಕಾರವಾರದ ಸುರಂಗ ದಾಟಿ ಬಿಣಗಾ, ಅರ್ಗಾ, ಅಮದಳ್ಳಿ, ಅವರ್ಸಾಗಳ ಮೇಲೆ ಅಂಕೋಲೆಗೆ ಬರುತ್ತದೆ. ಅಗಲವಾದ ದಾರಿ, ಸಮುದ್ರದ ಕಡೆಯಿಂದ ಅಡ್ಡಗಾಳಿ, ಊರು ಬಂದಲ್ಲೆಲ್ಲ ಅಡ್ಡ ಬರುವ ಸ್ಕೂಟರು, ದನ. ಅಂಕೋಲೆಯ ಬಾಳೆಗುಳಿಯಲ್ಲಿ ಹುಬ್ಬಳ್ಳಿ ರಸ್ತೆಗೆ ಹೊರಳಿದರೆ ಲೋಕವೇ ಬೇರೆ. ಸುಂಕಸಾಳ, ರಾಮನಗುಳಿ ದಾಟಿದ ಮೇಲೆ ಅರಬೈಲು ಘಟ್ಟ. ಬಂದರು, ಕಾರ್ಖಾನೆಗಳ ಸರಕು ಹೊತ್ತ ಲಾರಿಗಳು ಒಂದರ ಹಿಂದೊಂದು ಮೊದಲ ಗೇರಿನಲ್ಲಿ ತೆವಳುತ್ತವೆ. ತಿರುವಿನಲ್ಲಿ ಡೀಸೆಲ್ ಚೆಲ್ಲಿರುತ್ತದೆ, ಮರದಡಿಯ ರಸ್ತೆ ಮಳೆ ನಿಂತ ಮೇಲೂ ಒಣಗುವುದಿಲ್ಲ.

ಇರುವ ರಸ್ತೆ ಇದ್ದ ಹಾಗೇ ಇರುತ್ತದೆಂಬ ಭರವಸೆಯೂ ಇಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಜನ ಮಣ್ಣಿನಡಿ ಸಿಲುಕಿದರು, ಲಾರಿ ಗಂಗಾವಳಿ ನದಿಯ ಪಾಲಾಯಿತು, ದಿನಗಟ್ಟಲೆ ದಾರಿ ಬಂದಾಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಹೆದ್ದಾರಿ ಮುಚ್ಚಿದ ದಿನ ಮನೆ ಸೇರಿಸುವುದು ಕಿರಿದಾದ ಒಳದಾರಿಗಳೇ. ನುಣುಪು ಡಾಂಬರಿಗೆಂದೇ ಮಾಡಿದ ಗಾಡಿ ನಮಗೆ ಅರ್ಧ ಗಾಡಿ ಮಾತ್ರ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಈ ಕಣ್ಣಿನಿಂದ ಕವಾಸಾಕಿಯ ಎರಡು ಬೈಕುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ನಿಂಜಾ 650 ಮತ್ತು ವರ್ಸಿಸ್ 650, ಎರಡರಲ್ಲೂ ಇರುವುದು ಮೂಲತಃ ಒಂದೇ 649 ಸಿಸಿಯ ಜೋಡಿ ಸಿಲಿಂಡರ್ ಎಂಜಿನ್. ನಿಂಜಾದಲ್ಲಿ 68 ಪಿಎಸ್, ವರ್ಸಿಸ್‌ನಲ್ಲಿ ಎರಡು ಕಡಿಮೆ. ಎಂಜಿನ್ ಒಂದೇ ಆದ್ದರಿಂದ ಉಳಿದದ್ದರ ಬೆಲೆ ಎಷ್ಟೆಂಬುದು ಸ್ಪಷ್ಟವಾಗಿ ಕಾಣುತ್ತದೆ. ನಿಂಜಾ 196 ಕಿಲೋ, ಸೀಟಿನ ಎತ್ತರ 790 ಮಿ.ಮೀ.; ಐದೂವರೆ ಅಡಿಯವರೂ ನೆಲಕ್ಕೆ ಕಾಲೂರಬಹುದು. ಹೆಸರಿನಲ್ಲಿ ರೇಸಿನ ಗತ್ತಿದ್ದರೂ ಹ್ಯಾಂಡಲ್ ಎತ್ತರದಲ್ಲಿದೆ, ಮಣಿಕಟ್ಟಿಗೆ ಭಾರ ಬೀಳದು. 2023ರಿಂದ ಟ್ರ್ಯಾಕ್ಷನ್ ಕಂಟ್ರೋಲ್ ಬಂದಿದೆ. ಡೀಸೆಲ್ ಚೆಲ್ಲಿದ ತಿರುವುಗಳಿರುವ ಘಟ್ಟದಲ್ಲಿ ಇದನ್ನು ಆಡಂಬರ ಎನ್ನಲಾಗದು. ಆದರೆ ಹೊಟ್ಟೆಗೂ ನೆಲಕ್ಕೂ ನಡುವೆ ಉಳಿಯುವುದು 130 ಮಿ.ಮೀ. ಮಾತ್ರ. ಇಬ್ಬರು ಕೂತು ಸಾಮಾನು ಹೇರಿದಾಗ ಊರಿನ ಹಂಪುಗಳ ಮೇಲೆ ಆ ಅಂತರ ಇನ್ನೂ ಕರಗುತ್ತದೆ. ಹಿಂದಿನ ಸೀಟಂತೂ ಚಿಕ್ಕದು, ಎತ್ತರದ್ದು. ಅಲ್ಲಿ ಕೂತವರು ಯಲ್ಲಾಪುರ ಬರುವುದರೊಳಗೆ ಚಹಾಕ್ಕೆ ನಿಲ್ಲಿಸಿ ಎನ್ನುತ್ತಾರೆ.

ವರ್ಸಿಸ್ ಈ ಕೊರತೆಗಳನ್ನೆಲ್ಲ ತುಂಬುತ್ತದೆ. 170 ಮಿ.ಮೀ. ನೆಲದಂತರ, ಹೊಂಡದಲ್ಲಿ ಹೆಚ್ಚು ಇಳಿದು ಏಳಬಲ್ಲ ಸಸ್ಪೆನ್ಷನ್, 21 ಲೀಟರಿನ ಟ್ಯಾಂಕು, ಕೈಯಿಂದಲೇ ಏರಿಸಿ ಇಳಿಸಬಹುದಾದ ಗಾಳಿ ಗಾಜು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಹಿಂದಿನ ಸಸ್ಪೆನ್ಷನ್ನಿನ ಬಿಗಿತವನ್ನು ಹೊಂದಿಸುವ ತಿರುಗಣೆ: ಹಿಂದೆ ಒಬ್ಬರು ಹತ್ತಿದಾಗ ಪಾನಾ ಹುಡುಕದೆ ಕೈಯಲ್ಲೇ ತಿರುಗಿಸಿ ಬಿಗಿ ಮಾಡಬಹುದು. ಜೊತೆಯವರೊಂದಿಗೆ ದೂರ ಹೋಗುವವರನ್ನು ನೆನೆದೇ ಮಾಡಿದ ಗಾಡಿ ಎಂಬುದಕ್ಕೆ ಈ ಒಂದು ತಿರುಗಣೆ ಸಾಕ್ಷಿ. ದೋಷ ಎತ್ತರದ್ದು. 845 ಮಿ.ಮೀ. ಸೀಟು, 219 ಕಿಲೋ ತೂಕ. ಘಟ್ಟದ ಏರಿನಲ್ಲಿ ಲಾರಿಯ ಹಿಂದೆ ಗಕ್ಕನೆ ನಿಂತಾಗ ತುದಿಗಾಲಿನಲ್ಲಿ ಈ ಭಾರ ಹಿಡಿಯುವುದು ಕುಳ್ಳಗಿನವರಿಗೆ ನಿಜವಾದ ಅಪಾಯ. ಕಾಲು ನಿಲುಕುವವರಿಗೆ ವರ್ಸಿಸ್, ನಿಲುಕದವರಿಗೆ ನಿಂಜಾ. 650ರ ದರ್ಜೆಯಲ್ಲಿ ನನ್ನ ತೀರ್ಮಾನ ಇಷ್ಟೇ.

ಟ್ರಯಂಫಿನ ಡೇಟೋನಾ 660, ಸುಜುಕಿಯ ಜಿಎಸ್ಎಕ್ಸ್-8ಆರ್ 2024ರಲ್ಲಿ ಬಂದವು. ಡೇಟೋನಾದ ಮೂರು ಸಿಲಿಂಡರುಗಳು 95 ಪಿಎಸ್ ಕೊಡುತ್ತವೆ. ಸುಜುಕಿಯ 776 ಸಿಸಿ ಎಂಜಿನ್ ಕಡಿಮೆ ಸುತ್ತಿನಲ್ಲೇ ಎಳೆಯುವ ಬಗೆ ಏರಿಗೆ ಚೆನ್ನಾಗಿ ಒಗ್ಗುವಂಥದ್ದು. ಯಂತ್ರಗಳಾಗಿ ಎರಡೂ ಮೆಚ್ಚುವಂಥವೇ. ಆದರೆ ಎರಡರ ನಿಲುವೂ ಒಬ್ಬರೇ ಸವಾರರಿಗೆ, ಒಳ್ಳೆಯ ರಸ್ತೆಗೆ.

ಬಜಾಜಿನ ಡೊಮಿನಾರ್ 400 ಬಗ್ಗೆ ಜನ ಹಗುರವಾಗಿ ಮಾತಾಡುವುದು ನನಗೆ ಸರಿ ಕಾಣದು. 373 ಸಿಸಿ, ಒಂದೇ ಸಿಲಿಂಡರ್, 40 ಪಿಎಸ್, 193 ಕಿಲೋ. ಮೇಲಿನ ಸುತ್ತುಗಳಲ್ಲಿ ನಡುಕವಿದೆ, ಒಪ್ಪಬೇಕು. ಆದರೆ 80ರ ಆಸುಪಾಸಿನಲ್ಲಿ ನೆಮ್ಮದಿಯಾಗಿ ಓಡುತ್ತದೆ, ಸೀಟು ಇಬ್ಬರಿಗೂ ಅಗಲ. 2021ರಿಂದ ಎತ್ತರದ ಗಾಳಿ ಗಾಜು, ಕೈಗಾಪು, ಲಗೇಜು ಕ್ಯಾರಿಯರ್, ಎಂಜಿನ್ ಕೆಳಗಿನ ರಕ್ಷಾಫಲಕ ಕಂಪನಿಯಿಂದಲೇ ಜೋಡಿಸಿ ಬಂದವು. 650ರ ಬೆಲೆಯ ಮೂರನೇ ಒಂದರಷ್ಟಕ್ಕೆ ಪ್ರವಾಸದ ಕೆಲಸ ಬಹುಪಾಲು ಆಗುತ್ತದೆ. ಕಡಿಮೆ ಓಡಿದ ಹಳೆಯದೊಂದು ಸಿಕ್ಕರೂ ಬಿಡಬೇಡಿ ಎನ್ನುವೆ.

ತೆರಿಗೆಯನ್ನೂ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು; ಅದಕ್ಕೂ ಮೇಲಿನವುಗಳದ್ದು, ಸೆಸ್ ಸೇರಿ ಶೇ. 31 ಇದ್ದದ್ದು 40ಕ್ಕೆ ಏರಿತು. ಮಧ್ಯಮ ಗಾತ್ರದ ಪ್ರವಾಸಿ ಬೈಕನ್ನು ಐಷಾರಾಮಿ ಸರಕಿನ ಸಾಲಿಗೆ ಸೇರಿಸಿದ್ದು ಅನ್ಯಾಯವೆಂದೇ ನನ್ನ ಭಾವನೆ. ಇದರ ಮೇಲೆ ರಾಜ್ಯದ ರಸ್ತೆ ತೆರಿಗೆ, ವಿಮೆ ಬೇರೆ. ಬೆಲೆಪಟ್ಟಿಯ ಮೊದಲ ಸಾಲು ನೋಡಿ ಲೆಕ್ಕ ಹಾಕಿದವರು ಕೊನೆಯ ಸಾಲಿಗೆ ಬಂದಾಗ ಬೆವರುತ್ತಾರೆ.

ಬೆಲೆಗಿಂತ ದೊಡ್ಡ ಸಂಗತಿ ಉಪ್ಪುಗಾಳಿ. ಕಡಲಿನಿಂದ ಕೂಗಳತೆಯಲ್ಲಿ ನಿಲ್ಲುವ ಗಾಡಿಯ ಬೋಲ್ಟು, ಸೈಲೆನ್ಸರಿನ ಬೆಸುಗೆ, ಚೈನು ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತವೆ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ತುಕ್ಕಿನ ಚುಕ್ಕಿ ಎದ್ದರೆ ಅದು ಆಯಿಲ್ ಸೀಲನ್ನು ಹರಿದು, ಎಣ್ಣೆ ಬ್ರೇಕಿನ ಡಿಸ್ಕಿಗೆ ಇಳಿಯಬಹುದು. ಒಳಗೆ ರಬ್ಬರ್ ಉಂಗುರಗಳಿರುವ ಚೈನಿಗೆ ಪೆಟ್ರೋಲು ಸುರಿದು ತೊಳೆಯುವ ಗ್ಯಾರೇಜುಗಳಿವೆ. ಉಂಗುರ ಹಾಳಾಗುತ್ತದೆ, ಸೀಮೆಎಣ್ಣೆಯಲ್ಲಿ ಒರೆಸಿದರೆ ಸಾಕು. ಚಕ್ರದ ವಿಷಯದಲ್ಲಿ ನನಗೆ ರಾಜಿಯೇ ಇಲ್ಲ: ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರು. ಕಡ್ಡಿಗಳ ಚಕ್ರ ಕಣ್ಣಿಗೆ ಚೆಂದ, ಇಲ್ಲಿನ ಗಾಳಿಗೆ ಕಡ್ಡಿಯ ಬುಡದಿಂದಲೇ ತುಕ್ಕು. ಅರಬೈಲಿನ ನಡುವೆ ಮೊಳೆ ಚುಚ್ಚಿದರೂ ಟ್ಯೂಬ್‌ಲೆಸ್ ಟೈರಿಗೆ ಅಲ್ಲೇ ಪಟ್ಟಿ ತುರುಕಿ ಗಾಳಿ ತುಂಬಿ ಮುಂದೆ ಹೋಗಬಹುದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಅಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕು ಇಟ್ಟುಕೊಂಡವರಿಗೆ ಸರ್ವಿಸಿನ ಚಿಂತೆ ಅಷ್ಟಾಗಿ ಇರಲಿಲ್ಲ; ಸಣ್ಣ ಊರಿನ ಮೇಸ್ತ್ರಿಗೂ ಅದರ ಎಂಜಿನ್ ಬಿಚ್ಚಿ ಜೋಡಿಸಲು ಬರುತ್ತಿತ್ತು. ಇಂದಿನ 650ಕ್ಕೆ ಆ ಸೌಲಭ್ಯವಿಲ್ಲ. ದೋಷ ಪತ್ತೆಗೆ ಕಂಪ್ಯೂಟರು ಬೇಕು, 160 ಅಗಲದ ಹಿಂದಿನ ಟೈರು ಕೇಳಿದ ಕೂಡಲೇ ಸಿಗುವಂಥದ್ದಲ್ಲ. ಆದ್ದರಿಂದ ಮುಂಗಡ ಕೊಡುವ ಮೊದಲು ಸರ್ವಿಸಿಗೆ ಗಾಡಿ ಎಲ್ಲಿಗೆ ಒಯ್ಯಬೇಕು, ಗೋವಾಕ್ಕೋ ಹುಬ್ಬಳ್ಳಿಗೋ, ಕ್ಲಚ್ ಕೇಬಲ್, ಬ್ರೇಕ್ ಪ್ಯಾಡುಗಳಂಥ ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳಿ ಬರೆಸಿಕೊಳ್ಳಿ. ಟೆಸ್ಟ್ ರೈಡಿಗೆ ಒಬ್ಬರೇ ಹೋಗಬೇಡಿ. ಹಿಂದೆ ಕೂರಲಿರುವವರನ್ನೂ ಕರೆದೊಯ್ದು, ಅರ್ಧ ತಾಸಾದರೂ ಓಡಿಸಿ, ಅವರು ಇಳಿದ ಮೇಲೆ ಏನು ಹೇಳುತ್ತಾರೆಂದು ಕೇಳಿಯೇ ಸಹಿ ಹಾಕಿ.