ಬೋರ್ಡ್ ಎಳೆಯುವವರನ್ನು ನೋಡಿ

ಅಮೆರಿಕದ ಕಾಲೇಜು ಹುಡುಗಿಯರ ಜಿಮ್ನಾಸ್ಟಿಕ್ಸನ್ನು ಮೊದಲ ಸಲ ನೋಡಲು ಕೂತವರಿಗೆ ನನ್ನದೊಂದು ಕಿವಿಮಾತು. ಹುಡುಗಿ ಬೀಮ್ ಏರಿದ ಕೂಡಲೇ ಅವಳನ್ನು ಅರೆಗಳಿಗೆ ಬಿಟ್ಟು ಬೀಮಿನ ಬುಡಕ್ಕೆ ಕಣ್ಣು ಹಾಯಿಸಿ. ಟ್ರ್ಯಾಕ್‌ಪ್ಯಾಂಟ್ ತೊಟ್ಟ ಯಾರೋ ಒಬ್ಬರು ಬಗ್ಗಿ ಬಂದು, ಅವಳು ಚಿಮ್ಮಿದ ಸ್ಪ್ರಿಂಗ್‌ಬೋರ್ಡನ್ನು ಸದ್ದಾಗದಂತೆ ಎಳೆದುಕೊಂಡು ಹೊರಟಿರುತ್ತಾರೆ. ಕ್ಯಾಮೆರಾದಲ್ಲಿ ಅವರು ಕಾಣುವುದೇ ಅಪರೂಪ, ಕಂಡರೂ ಬೆನ್ನು ಮಾತ್ರ. ಅವರೇ ಅಸಿಸ್ಟೆಂಟ್ ಕೋಚ್. ಯಕ್ಷಗಾನ ನೋಡಿ ಪಳಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೇಷ ಕುಣಿಯುತ್ತಿದ್ದರೂ ಅವರ ಕಣ್ಣು ಆಗಾಗ ಚೆಂಡೆಯವನ ಕೈಮೇಲಿರುತ್ತದೆ. ಈ ಆಟವನ್ನೂ ಹಿಮ್ಮೇಳದ ಕಡೆಯಿಂದ ನೋಡುವುದನ್ನು ಕಲಿತ ಮೇಲೆಯೇ ನನಗೆ ಅದರ ರುಚಿ ಹತ್ತಿದ್ದು.

ಜನವರಿಯಿಂದ ಏಪ್ರಿಲ್‌ವರೆಗೆ ಇದರ ಹಂಗಾಮು. ಶುಕ್ರವಾರ ಸಂಜೆಯ ಪಂದ್ಯಗಳೇ ಜಾಸ್ತಿಯಾದ್ದರಿಂದ ನಮ್ಮಲ್ಲಿ ಅದು ಶನಿವಾರ ಬೆಳಗಿನ ಕಾಫಿ ಹೊತ್ತು. ವಾಲ್ಟ್, ಬಾರ್ಸ್, ಬೀಮ್, ಫ್ಲೋರ್ ಎಂದು ನಾಲ್ಕು ವಿಭಾಗ. ಒಂದೊಂದರಲ್ಲೂ ತಂಡದ ಆರು ಹುಡುಗಿಯರು ಇಳಿಯುತ್ತಾರೆ, ಮೇಲಿನ ಐದು ಅಂಕ ಲೆಕ್ಕಕ್ಕೆ. ಒಬ್ಬೊಬ್ಬರಿಗೆ 10 ಗರಿಷ್ಠ, ತಂಡಕ್ಕೆ 200. ರಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ದೀಪಾ ಕರ್ಮಾಕರ್ 15.066 ಪಡೆದಿದ್ದು ನೆನಪಿರುವವರು ಇಲ್ಲಿನ 9.9 ಕಂಡು ಕಕ್ಕಾಬಿಕ್ಕಿಯಾಗುತ್ತಾರೆ. ಅಂತಾರಾಷ್ಟ್ರೀಯ ಕೂಟಗಳು 2006ರಲ್ಲಿ ಹತ್ತರ ಲೆಕ್ಕವನ್ನು ಕೈಬಿಟ್ಟವು, ಕಾಲೇಜಿನವರು ಬಿಡಲಿಲ್ಲ, ಅಷ್ಟೇ. ಮಾಮೂಲಿ ಪಂದ್ಯದಲ್ಲಿ ಇಬ್ಬರು ತೀರ್ಪುಗಾರರ ಸರಾಸರಿ ಹಿಡಿಯುತ್ತಾರೆ. ಹಾಗಾಗಿ ಫಲಕದಲ್ಲಿ 9.925 ಮೂಡಿದರೆ ಒಬ್ಬರು 9.9, ಇನ್ನೊಬ್ಬರು 9.95 ಕೊಟ್ಟಿದ್ದಾರೆ ಎಂದು ಊಹಿಸಬಹುದು. ಇಳಿದಾಗ ಪಾದ ತುಸು ಜರುಗಿದರೆ 0.05 ಹೋಯಿತು. ಬಿದ್ದರೆ ಅರ್ಧ ಅಂಕ.

ಅರ್ಧ ಅಂಕವೆಂದರೆ ಎಷ್ಟು ಎಂಬುದು ಹೊಸಬರಿಗೆ ಬೇಗ ಹೊಳೆಯುವುದಿಲ್ಲ. ಒಳ್ಳೆಯ ತಂಡ 197ರ ಆಸುಪಾಸಿನಲ್ಲಿರುತ್ತದೆ, ಎಂದರೆ ತಲೆಗೆ ಸರಾಸರಿ 9.85. ಒಬ್ಬಳು ಬಿದ್ದರೆ ತೊಂದರೆಯಿಲ್ಲ, ಆರನೆಯ ಅಂಕವೆಂದು ಅದನ್ನು ಕೈಬಿಡುತ್ತಾರೆ. ಇಬ್ಬರು ಬಿದ್ದರೆ ಒಂದನ್ನು ಉಣ್ಣಲೇಬೇಕು. ಆದ್ದರಿಂದ ಮೂರನೆಯವಳು ಬಿದ್ದಾಗ ನೋಡಬೇಕಾದ್ದು ಅವಳ ಕಣ್ಣೀರನ್ನಲ್ಲ, ನಾಲ್ಕನೆಯವಳ ಪಕ್ಕ ನಿಂತ ಕೋಚನ್ನು. ಒಬ್ಬರು ಹೆಗಲು ಹಿಡಿದು ಏನೋ ಗುನುಗುತ್ತಾರೆ. ಇನ್ನೊಬ್ಬರು ಬೇಕೆಂದೇ ತಮಾಷೆ ಮಾಡುತ್ತಾರೆ. ಮತ್ತೊಬ್ಬರು ಮಾತೇ ಆಡದೆ ಅವಳ ಕೈಪಟ್ಟಿ ಬಿಗಿ ಮಾಡುತ್ತಾರೆ. ಯಾವ ಹುಡುಗಿಗೆ ಯಾವ ಮದ್ದು ಎಂಬುದು ವರ್ಷಗಟ್ಟಲೆ ಬೆಳಗಿನ ಅಭ್ಯಾಸದಲ್ಲಿ ಕಂಡುಕೊಂಡಿದ್ದು. 2024ರ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಎಲ್ಲರೂ ಗೆಲ್ಲುತ್ತದೆಂದಿದ್ದ ಒಕ್ಲಹೋಮ ಮೊದಲ ಸುತ್ತಿನ ವಾಲ್ಟ್‌ನಲ್ಲೇ ಮತ್ತೆ ಮತ್ತೆ ಎಡವಿ ಫೈನಲ್‌ಗೆ ಬಾರದೇ ಹೋಯಿತು. ಕಿರೀಟ ಮೊದಲ ಬಾರಿಗೆ ಲೂಯಿಸಿಯಾನಾ ಸ್ಟೇಟ್ ಪಾಲಾಯಿತು. ಮದ್ದು ಗೊತ್ತಿದ್ದವರಿಗೂ ಅದು ಹಿಡಿಯದ ದಿನಗಳಿರುತ್ತವೆ. ಮರುವರ್ಷ ಅದೇ ಒಕ್ಲಹೋಮ ಗೆದ್ದಿತು.

ವಾಲ್ಟ್‌ನಲ್ಲಿ ಕೋಚ್‌ನ ಲೆಕ್ಕಾಚಾರ ಬರಿಗಣ್ಣಿಗೆ ಕಾಣುತ್ತದೆ. ಸೋವಿಯತ್ ಆಟಗಾರ್ತಿ ನತಾಲಿಯಾ ಯುರ್ಚೆಂಕೊ ಹೆಸರಿನ ಜಿಗಿತವನ್ನು ಒಂದು ಸುತ್ತು ತಿರುಗಿ ಮುಗಿಸಿದರೆ ಅಂಕ 9.95ರಿಂದ ಶುರು, ಒಂದೂವರೆ ಸುತ್ತಿಗೆ 10ರಿಂದ. ಆದರೆ ಆ ಅರ್ಧ ಸುತ್ತು ಹೆಚ್ಚಾದರೆ ನೆಲ ಸರಿಯಾಗಿ ಕಣ್ಣಿಗೆ ಬೀಳುವ ಮೊದಲೇ ಕಾಲೂರಬೇಕು. 0.05ಕ್ಕಾಗಿ ಆ ಅಪಾಯ ಬೇಕೇ? ಅಚ್ಚುಕಟ್ಟಾಗಿ ಇಳಿಯಬಲ್ಲವಳನ್ನು 9.95ರಲ್ಲೇ ಉಳಿಸಿಕೊಳ್ಳುವ ಕೋಚ್ ನನಗೆ ಹೆಚ್ಚು ಮೆಚ್ಚು.

ಬಾರ್ಸ್ ಬಳಿ ಇನ್ನೊಂದು ಬಗೆ. ಒಬ್ಬಳು ಇಳಿದು ಇನ್ನೊಬ್ಬಳು ಏರುವ ನಡುವೆ ಕೋಚ್ ಕಂಬಿಗೆ ನೀರು ಚಿಮುಕಿಸಿ, ಸೀಮೆಸುಣ್ಣದಂಥ ಬಿಳಿ ಪುಡಿಯನ್ನು ಉಜ್ಜಿ ಉಜ್ಜಿ ಹಚ್ಚುತ್ತಾರೆ. ದೋಸೆ ಹೆಂಚು ಹದ ಮಾಡುವವರ ನಿಷ್ಠೆ ಅದು, ಮುಂದಿನವಳಿಗೆ ಎಷ್ಟು ಅಂಟು ಬೇಕೆಂದು ಕೈಗೇ ಗೊತ್ತಿರುತ್ತದೆ. ಅವಳು ಮೇಲಿನ ಕಂಬಿ ಬಿಟ್ಟು ಗಾಳಿಯಲ್ಲಿ ಹಾರಿ ಮತ್ತೆ ಹಿಡಿಯುವ ಹೊತ್ತಿಗೆ ಅದೇ ಕೋಚ್ ಕೆಳಗೆ ಎರಡು ಹೆಜ್ಜೆ ಮುಂದೆ ಬಂದು ಅರ್ಧ ಕೈಚಾಚಿ ನಿಲ್ಲುತ್ತಾರೆ. ಕೈ ತಾಗಿಸಿ ನೆರವಾದರೆ ಅಂಕ ಕಡಿತ, ತಾಗಿಸದೆ ಬಿಟ್ಟರೆ ಕತ್ತಿಗೆ ಪೆಟ್ಟಾದೀತು. ಅವಳ ಬೆರಳು ಕಂಬಿಗೆ ಬಿಗಿದ ಸದ್ದು ಕೇಳಿದ್ದೇ ಅವರು ಹಿಂದೆ ಸರಿದಿರುತ್ತಾರೆ. ಆ ಹಿಂದೆ ಸರಿಯುವಿಕೆಯನ್ನು ತಪ್ಪಿಸಿಕೊಳ್ಳಬೇಡಿ. ನನ್ನ ಮಟ್ಟಿಗೆ ಇಡೀ ಸಂಜೆಯ ಅತ್ಯಂತ ಸೊಗಸಾದ ಚಲನೆ ಅದೇ.

ಇವರು ಬರುವುದೆಲ್ಲಿಂದ? ಹೆಚ್ಚಿನವರು ಹಿಂದೆ ತಾವೇ ಆಡಿದವರು. ತೀರಾ ಈಚೆಗೆ, 2023ರವರೆಗೆ, ಸಂಬಳವಿಲ್ಲದ ವಾಲಂಟಿಯರ್ ಕೋಚ್ ಎಂಬ ಮೊದಲ ಮೆಟ್ಟಿಲೊಂದಿತ್ತು. ಆ ವರ್ಗವನ್ನೇ ಆಗ ತೆಗೆದುಹಾಕಿದರು, ಒಳ್ಳೆಯದೇ ಆಯಿತು. ಒಲಿಂಪಿಕ್ ಚಿನ್ನ ಗೆದ್ದ ಜೋರ್ಡಿನ್ ವೀಬರ್ ಕೂಡ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ತಂಡದಲ್ಲಿ ವಾಲಂಟಿಯರ್ ಆಗಿ ದುಡಿದು, 2019ರಲ್ಲಿ 24 ತುಂಬುವ ಮೊದಲೇ ಆರ್ಕನ್ಸಾ ತಂಡದ ಹೆಡ್ ಕೋಚ್ ಆದರು. ಎಲ್ಲರಿಗೂ ಇಷ್ಟು ಬೇಗ ದಾರಿ ಬಿಡುವುದಿಲ್ಲ. ಕೆಲವರಿಗೆ ದಾರಿ ಬೇಕಾಗಿಯೂ ಇರುವುದಿಲ್ಲ: ಒಕ್ಲಹೋಮದ ಹೆಡ್ ಕೋಚ್ ಕೆ. ಜೆ. ಕಿಂಡ್ಲರ್ ಅವರ ಪಕ್ಕದಲ್ಲಿ ಅವರ ಗಂಡ ಲೂ ಬಾಲ್ ವರ್ಷಗಟ್ಟಲೆ ಎರಡನೆಯ ಜಾಗದಲ್ಲೇ ದುಡಿದರು.

ಇವರೆಲ್ಲರಿಗಿಂತ ವಿಚಿತ್ರ ಕತೆ ಯುಸಿಎಲ್‌ಎಯ ವ್ಯಾಲರಿ ಕಾಂಡೋಸ್ ಫೀಲ್ಡ್ ಅವರದು. ಜಿಮ್ನಾಸ್ಟಿಕ್ಸ್ ಆಡಿದವರೇ ಅಲ್ಲ, ಬ್ಯಾಲೆ ನರ್ತಕಿ. 80ರ ದಶಕದ ಆದಿಯಲ್ಲಿ ಫ್ಲೋರ್ ಮತ್ತು ಬೀಮ್‌ಗೆ ನೃತ್ಯ ಕಟ್ಟುವ ಅಸಿಸ್ಟೆಂಟ್ ಆಗಿ ಸೇರಿದವರು 1991ರಲ್ಲಿ ಹೆಡ್ ಕೋಚ್ ಆಗಿ, 2019ರಲ್ಲಿ ನಿವೃತ್ತರಾಗುವಷ್ಟರಲ್ಲಿ 7 ರಾಷ್ಟ್ರೀಯ ಕಿರೀಟ ಗೆದ್ದಿದ್ದರು. ತಂದೆಯ ಕಡೆಯಿಂದ ಭಾರತೀಯಳಾದ ಮೋಹಿನಿ ಭಾರದ್ವಾಜ್ ಪಳಗಿದ್ದು ಇವರ ಕೈಯಲ್ಲಿ. ಮುಂದೆ ಆಕೆ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಅಮೆರಿಕ ತಂಡದ ನಾಯಕಿ. 2019ರ ಜನವರಿಯಲ್ಲಿ ಇದೇ ಯುಸಿಎಲ್‌ಎ ತಂಡದ ಕೇಟ್ಲಿನ್ ಒಹಾಶಿ ಫ್ಲೋರ್ ಮೇಲೆ ನಗುನಗುತ್ತ 10 ಪಡೆದ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಮತ್ತೊಮ್ಮೆ ಹಾಕಿ ನೋಡಿ. ಈ ಬಾರಿ ಒಹಾಶಿಯನ್ನಲ್ಲ, ಅಂಚಿನಲ್ಲಿ ನಿಂತು ಹೆಜ್ಜೆ ಹೆಜ್ಜೆಯನ್ನೂ ಅವಳ ಜೊತೆ ಹಾಕುತ್ತಿರುವ ಗೆಳತಿಯರನ್ನು ನೋಡಿ. 90 ಸೆಕೆಂಡಿನ ಆ ಕುಣಿತ ತಂಡಕ್ಕೆಲ್ಲ ಬಾಯಿಪಾಠವಾಗಿದೆಯೆಂದರೆ ಅದನ್ನು ಎಷ್ಟು ಸಲ ತಿದ್ದಿ ಆಡಿಸಿರಬೇಕು!

ಆ ತಿದ್ದುಪಡಿಗೂ ಮಿತಿಯಿದೆ. ಹಂಗಾಮಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸುವಂತಿಲ್ಲ, ಹುಡುಗಿಯರು ತರಗತಿಗೂ ಹೋಗಬೇಕಲ್ಲ. ಕೋಚ್‌ಗಳ ಗಂಟೆಗೆ ಅಂಥ ಮಿತಿಯಿಲ್ಲ. ಬಿಡುವಿದ್ದಾಗ ಊರೂರಿನ ಕ್ಲಬ್ಬುಗಳಿಗೆ ಹೋಗಿ ಹೈಸ್ಕೂಲ್ ಹುಡುಗಿಯರ ಜಿಗಿತ ನೋಡಿ ಬರುವುದು, ತಾಯಿತಂದೆಯರ ಜೊತೆ ಮಾತಾಡುವುದು, ಸಂಗೀತದ ತುಣುಕು ಕತ್ತರಿಸುವುದು ಎಲ್ಲ ಅವರದೇ.

ಕೊನೆಯದಾಗಿ, ಆರನೆಯವಳು ಮುಗಿಸಿದಾಗ ಪಾಪ್‌ಕಾರ್ನ್‌ಗೆಂದು ಎದ್ದು ಹೋಗಬೇಡಿ. ಕೆಲವೊಮ್ಮೆ ಏಳನೆಯವಳೊಬ್ಬಳು ಎಕ್ಸಿಬಿಷನ್ ಎಂದು ಇಳಿಯುತ್ತಾಳೆ. ಅವಳ ಅಂಕ ಎಲ್ಲೂ ಸೇರುವುದಿಲ್ಲ. ಮೊದಲ ವರ್ಷದವಳೋ, ಗಾಯದಿಂದ ಎದ್ದು ಬಂದವಳೋ ಇರುತ್ತಾಳೆ. ಜನ ಅರ್ಧಕ್ಕರ್ಧ ಎದ್ದಿರುತ್ತಾರೆ, ತೀರ್ಪುಗಾರರು ಕಾಗದ ಜೋಡಿಸಿಕೊಳ್ಳುತ್ತಿರುತ್ತಾರೆ. ಬೀಮಿನ ಬುಡದಲ್ಲಿ ಟ್ರ್ಯಾಕ್‌ಪ್ಯಾಂಟಿನವರು ಮಾತ್ರ ಮತ್ತೆ ಬಗ್ಗಿ, ಬೋರ್ಡಿನ ಅಂಚಿಗೆ ಕೈಯಿಟ್ಟು ಕಾಯುತ್ತಿರುತ್ತಾರೆ.